ಪ್ಲಗ್ ಪಾಯಿಂಟ್ ಎಲ್ಲಿದೆ ಸ್ವಾಮಿ?

ಬರೀ ಬ್ಯಾಟರಿಯಲ್ಲಿ ಓಡೋ ಇವಿ ತಗೊಳ್ಲಾ, ಪೆಟ್ರೋಲ್ ಇಂಜಿನ್ ಜೊತೆ ಮೋಟಾರೂ ಇರೋ ಹೈಬ್ರಿಡ್ ತಗೊಳ್ಲಾ ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. ನಾನೇನು ಕಾರು ಎಕ್ಸ್‌ಪರ್ಟ್ ಅಲ್ಲ. ಎರಡು ವರ್ಷ ಕಂಡ ಕಂಡ ಶೋರೂಮ್ ಸುತ್ತಿ, ರಾತ್ರಿಯೆಲ್ಲ ಯೂಟ್ಯೂಬ್ ನೋಡಿ, ಮನೆಯಲ್ಲಿ ಬೈಸಿಕೊಂಡು, ಕೊನೆಗೊಂದು ಹೈಬ್ರಿಡ್ ತಂದವನು ಅಷ್ಟೇ. ಅದೂ ಇಷ್ಟಪಟ್ಟು ತಂದದ್ದಲ್ಲ. ನನಗೆ ಬೇಕಿದ್ದದ್ದು ಇವಿ. ಹಾಗಾಗಿ ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ. ರಾತ್ರಿ ಕಾರು ಎಲ್ಲಿ ನಿಲ್ಲಿಸ್ತೀರಿ? ಅಲ್ಲಿ ನಿಮ್ಮ ಮೀಟರಿನ ಪ್ಲಗ್ ಪಾಯಿಂಟ್ ಇದೆಯಾ?

ಸುಮ್ನೆ ಲೆಕ್ಕ ಹಾಕಿ. ಗೀಸರಿಗೆ ಇರುತ್ತಲ್ಲ, ಅಂಥದ್ದೇ 16 ಆಂಪ್ ಪ್ಲಗ್ ಸಾಕು. ಗಂಟೆಗೆ ಸುಮಾರು ಮೂರು ಯೂನಿಟ್ ಕಾರಿಗೆ ಹೋಗುತ್ತದೆ. ರಾತ್ರಿ ಹತ್ತಕ್ಕೆ ಸಿಕ್ಕಿಸಿ ಬೆಳಗ್ಗೆ ಆರಕ್ಕೆ ಕಿತ್ತರೆ 24 ಯೂನಿಟ್. ಸಾಧಾರಣ ಇವಿ ಕಾರು ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಓಡುತ್ತದೆ. ಅಂದರೆ ನಾವು ಗೊರಕೆ ಹೊಡೆಯುವ ಹೊತ್ತಿನಲ್ಲಿ 150 ಕಿಲೋಮೀಟರ್ ಜಮಾ. ಟ್ಯಾಕ್ಸಿ ಓಡಿಸುವವರನ್ನು ಬಿಟ್ಟರೆ ಬೆಂಗಳೂರಲ್ಲಿ ದಿನಕ್ಕೆ ಅಷ್ಟು ಓಡಿಸೋರು ಯಾರಿದ್ದಾರೆ? ಖರ್ಚು ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ರೂಪಾಯಿ. (ಗೃಹಜ್ಯೋತಿ ಇರೋರು ಹುಷಾರು. ಕಾರಿನ ಯೂನಿಟ್ ಸೇರಿ 200 ದಾಟಿತೋ, ಆ ತಿಂಗಳು ಪೂರ್ತಿ ಬಿಲ್ಲು ನಿಮ್ಮದೇ.)

ನಮ್ಮ ಚಿಕ್ಕಪ್ಪನ ಹತ್ತಿರ ರೇವಾ ಇತ್ತು. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲೇ ರಸ್ತೆಗೆ ಬಂದ ಎಲೆಕ್ಟ್ರಿಕ್ ಕಾರು, ಚೇತನ್ ಮೈನಿ ಅವರದ್ದು. ಮುಂದೆ ಲಂಡನ್ನಿಗೂ ಹೋಗಿ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಾಡಿತು. ಸೀಟಿನ ಕೆಳಗೆ ಎಂಟು ಲೆಡ್ ಆಸಿಡ್ ಬ್ಯಾಟರಿ. ಮನೆಯ ಯುಪಿಎಸ್‌ಗೆ ಹಾಕೋ ಹಾಗೆ ಅದಕ್ಕೂ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಕಂಪನಿ ಹೇಳಿದ್ದು 80 ಕಿಲೋಮೀಟರ್. ಹಿಂದಿನ ಸೀಟಲ್ಲಿ ನಾನೂ ತಂಗಿಯೂ ಮಂಡಿ ಎದೆಗೆ ಒತ್ತಿಕೊಂಡು ಕೂರುತ್ತಿದ್ದೆವು. ಇವತ್ತಿನ ಲೆಕ್ಕದಲ್ಲಿ ಆ ಬ್ಯಾಟರಿ ಏನೇನೂ ಅಲ್ಲ. ಆದರೂ ಚಿಕ್ಕಪ್ಪ ಒಂದು ದಿನವೂ ದಾರಿಯಲ್ಲಿ ನಿಂತವರಲ್ಲ. ಯಾಕೆ? ಜಯನಗರದ ಸ್ವಂತ ಮನೆ, ಕಾಂಪೌಂಡ್ ಒಳಗೆ ತುಳಸಿಕಟ್ಟೆ ಪಕ್ಕದಲ್ಲೇ ಒಂದು ಪ್ಲಗ್ಗು. ಸಂಜೆ ಬಂದು ಚಪ್ಪಲಿ ಬಿಡುವ ಮೊದಲು ವೈರು ಸಿಕ್ಕಿಸೋರು. ಅಷ್ಟೇ ಕಥೆ.

ಈಗ ನೋಡಿ, ಬ್ಯಾಟರಿ ಎಲ್ಲಿಂದ ಎಲ್ಲಿಗೆ ಬಂತು. ಈಗ ಬಹಳಷ್ಟು ಕಾರುಗಳಲ್ಲಿ ಬರುತ್ತಿರೋದು ಎಲ್‌ಎಫ್‌ಪಿ. ಅಂದರೆ ಲಿಥಿಯಂ ಜೊತೆ ಕಬ್ಬಿಣ, ಫಾಸ್ಫೇಟ್. ನಿಕ್ಕಲ್ ಬೇಡ, ಕೋಬಾಲ್ಟ್ ಬೇಡ. ತೂಕ ಸ್ವಲ್ಪ ಜಾಸ್ತಿ, ಆದರೆ ಸೆಕೆಗೆ ಬೇಗ ಕೆರಳುವ ಜಾತಿಯಲ್ಲ, ಬಾಳಿಕೆಯೂ ಹೆಚ್ಚು. ಇದರದ್ದೊಂದು ತಮಾಷೆ ಇದೆ. ಚಾರ್ಜ್ ಮುಕ್ಕಾಲಿರಲಿ ಕಾಲಿರಲಿ, ಅದರ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ತೋರಿಸುತ್ತದೆ. ಎಷ್ಟು ಉಳಿದಿದೆ ಅಂತ ಕಾರಿಗೇ ಗೊಂದಲ. ಅದಕ್ಕೇ ಆಗಾಗ ನೂರಕ್ಕೆ ನೂರು ತುಂಬಿಸಿ ಅನ್ನುತ್ತಾರೆ. ಲೆಕ್ಕ ಸರಿಹೋಗಲಿ ಅಂತ. ಇನ್ನು ಒಳಗೆ ದ್ರವದ ಬದಲು ಗಟ್ಟಿ ಪದಾರ್ಥ ಇರೋ ಸಾಲಿಡ್ ಸ್ಟೇಟ್ ಬ್ಯಾಟರಿ ಬರ್ತಿದೆ, ಅಲ್ಲೀತನಕ ಕಾಯಿರಿ ಅನ್ನೋರ ಮಾತು ಕೇಳಿದರೆ ಕಾಯ್ತಾನೇ ಇರ್ತೀರಿ.

ಹೈಬ್ರಿಡ್‌ಗೆ ಪ್ಲಗ್ಗೇ ಬೇಡ. ಮಾರಾಟ ಆಗ್ತಿರೋದು ಆ ಕಾರಣಕ್ಕೇ. ನನ್ನ ಕಾರಿನ ಬ್ಯಾಟರಿ ಒಂದು ಯೂನಿಟ್ಟೂ ಹಿಡಿಯಲ್ಲ. ಸಿಲ್ಕ್ ಬೋರ್ಡ್ ಹತ್ತಿರ ಇಂಜಿನ್ ಮಲಗಿರುತ್ತದೆ, ಮೋಟಾರು ತೆವಳಿಸಿಕೊಂಡು ಹೋಗುತ್ತದೆ, ಬ್ರೇಕ್ ಒತ್ತಿದಾಗೆಲ್ಲ ಒಂದಿಷ್ಟು ಕರೆಂಟು ವಾಪಸ್. ಊರೊಳಗೆ 21-22 ಮೈಲೇಜ್ ಸಿಗುತ್ತಿದೆ, ಸುಳ್ಳು ಹೇಳಲ್ಲ. ಆದರೆ ಹಿಂದುಗಡೆ ‘ಹೈಬ್ರಿಡ್’ ಅಂತ ಬರೆದಿದ್ದೆಲ್ಲ ಹೈಬ್ರಿಡ್ ಅಲ್ಲ. ಮೈಲ್ಡ್ ಹೈಬ್ರಿಡ್ ಅಂತ ಒಂದಿದೆ. ಅದರ ಮೋಟಾರು ಇಂಜಿನ್ ಜೊತೆ ಸ್ವಲ್ಪ ಕೈ ಜೋಡಿಸುತ್ತದೆಯೇ ಹೊರತು ತಾನೊಂದೇ ಕಾರನ್ನು ಎಳೆಯಲ್ಲ. ಅದಕ್ಕೆ ಆ ಹೆಸರು ಸ್ವಲ್ಪ ಜಾಸ್ತಿಯಾಯ್ತು.

ಇವೆರಡರ ನಿಜವಾದ ವ್ಯತ್ಯಾಸ ನನಗೆ ಗೊತ್ತಾಗಿದ್ದು ಶಿರಾಡಿಯಲ್ಲಿ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಅಲ್ಲಿಂದ ಗುಂಡ್ಯದವರೆಗೆ ಇಳಿಯೋದೇ ಇಳಿಯೋದು. ನನ್ನ ಹೈಬ್ರಿಡ್‌ನ ಪುಟ್ಟ ಬ್ಯಾಟರಿ ಅರ್ಧ ಘಾಟಿಗೂ ಮೊದಲೇ ತುಂಬಿಬಿಡುತ್ತದೆ. ಆಮೇಲೆ ಬರುವ ಕರೆಂಟು ಇಡೋಕೆ ಜಾಗವೇ ಇಲ್ಲ. ಕಾಲು ಆಕ್ಸಿಲರೇಟರ್ ಮೇಲೆ ಇರಲ್ಲ, ಆದರೂ ಇಂಜಿನ್ ಒಮ್ಮೆಲೇ ಗುರ್ರ್ ಅಂತ ತಿರುಗೋಕೆ ಶುರು ಮಾಡುತ್ತದೆ, ಕಾರನ್ನು ಹಿಡಿದಿಡೋಕೆ. ಮೊದಲ ಸಲ ಹೆಂಡತಿ ಗಾಬರಿಯಾಗಿ ಮ್ಯಾಟ್ ಕೆಳಗೆ ಇಣುಕಿ ನೋಡಿದಳು. ಭಾವನ ಇವಿ ಅದೇ ಘಾಟಿಯಲ್ಲಿ ಸದ್ದಿಲ್ಲದೆ ಎರಡು ಯೂನಿಟ್ ಗಂಟು ಕಟ್ಟಿಕೊಂಡು ಇಳಿಯುತ್ತದೆ. ಅವರೂ ಒಂದು ಸಲ ಎಡವಿದ್ದಾರೆ ಅನ್ನಿ. ಸಕಲೇಶಪುರದಲ್ಲೇ ಫುಲ್ ಚಾರ್ಜ್ ಮಾಡಿಕೊಂಡು ಹೊರಟು, ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗಾಗಿ, ಕೆಳಗಿನವರೆಗೂ ಬರೀ ಬ್ರೇಕ್ ತುಳಿಯುತ್ತಾ ಬಂದರು.

ಭಾವನ ಮನೆ ಪುತ್ತೂರಿನ ಹತ್ತಿರ. ಅಡಿಕೆ ತೋಟ. ಕಾರು ಬಂದ ಮೊದಲ ರಾತ್ರಿ ಚಾರ್ಜೇ ಆಗಲಿಲ್ಲವಂತೆ. ಚಾರ್ಜರಿನಲ್ಲಿ ಕೆಂಪು ಲೈಟು. ಶೋರೂಮಿನವರಿಗೆ ಫೋನು, ಎಲೆಕ್ಟ್ರಿಷಿಯನ್ನಿಗೆ ಫೋನು. ಬಂದವನು ಅಂಗಳದ ಮೂಲೆಯ ಅರ್ಥಿಂಗ್ ಗುಂಡಿ ನೋಡಿ, “ಕರೆಂಟು ಉಂಟು ಮಾರಾಯ್ರೆ, ಅರ್ತ್ ಇಲ್ಲ” ಅಂದನಂತೆ. ಬೇಸಿಗೆಗೆ ಗುಂಡಿ ಪೂರ್ತಿ ಒಣಗಿತ್ತು. ಎರಡು ಕೊಡ ನೀರು ಹೊಯ್ದರು, ಹಸಿರು ಲೈಟು ಬಂತು. ಮರುದಿನ ಇದ್ದಲು, ಉಪ್ಪು ಹಾಕಿ ಸರಿ ಮಾಡಿದರು. ಲಕ್ಷಗಟ್ಟಲೆ ರೂಪಾಯಿಯ ಕಾರು, ಎರಡು ಕೊಡ ನೀರಿಗೆ ಕಾದಿತ್ತು ನೋಡಿ!

ಭಾವನಿಗೆ ನೀರಿನಲ್ಲಿ ಮುಗಿದದ್ದು ನನಗೆ ಎರಡು ವರ್ಷದ ಅಸೋಸಿಯೇಷನ್ ಮೀಟಿಂಗಲ್ಲೂ ಮುಗಿದಿಲ್ಲ. ನಮ್ಮದು ನಲವತ್ತು ಮನೆಗಳ ಅಪಾರ್ಟ್‌ಮೆಂಟ್. ಬೇಸ್‌ಮೆಂಟಲ್ಲಿ ನನ್ನ ಜಾಗಕ್ಕೂ ಮೀಟರ್ ರೂಮಿಗೂ ಇಪ್ಪತ್ತು ಹೆಜ್ಜೆ. ನನ್ನದೇ ಮೀಟರಿಂದ, ನನ್ನದೇ ಖರ್ಚಲ್ಲಿ ವೈರ್ ಎಳೆದುಕೊಳ್ಳುತ್ತೇನೆ ಅಂದೆ. ಬೆಂಕಿ ಹತ್ತಿದರೆ ಯಾರು ಹೊಣೆ ಅಂದರು. ಎಲ್ಲರೂ ಕೇಳಿದರೆ ಲೋಡ್ ಎಲ್ಲಿಂದ ತರೋದು ಅಂದರು. ಎರಡನೆಯದು ನ್ಯಾಯವಾದ ಪ್ರಶ್ನೆ, ಒಪ್ಪುತ್ತೇನೆ. ಆದರೆ ಅದಕ್ಕೆ ಉತ್ತರ ಹುಡುಕೋಣ ಅಂದವರು ಒಬ್ಬರೂ ಇಲ್ಲ. ಮನೆಯ ಈಗಿನ ಕನೆಕ್ಷನ್ನಿಂದಲೇ ಇವಿ ಚಾರ್ಜ್ ಮಾಡಿಕೊಳ್ಳಬಹುದು ಅಂತ ಕೇಂದ್ರದ ಇಂಧನ ಸಚಿವಾಲಯದ ಮಾರ್ಗಸೂಚಿ ಇದೆ, ಪ್ರಿಂಟ್ ತೆಗೆದು ಕೊಟ್ಟೆ. ಅದು ಈಗ ಸೆಕ್ಯುರಿಟಿ ಟೇಬಲ್ಲಿನ ರಿಜಿಸ್ಟರ್ ಕೆಳಗಿದೆ.

ಇವಿಗೆ ಜಿಎಸ್‌ಟಿ 5 ಪರ್ಸೆಂಟ್, ನನ್ನಂಥ ಹೈಬ್ರಿಡ್‌ಗೆ 40. ಇವಿ ತಗೊಳ್ಳಿ ಅಂತ ಸರ್ಕಾರ ಇಷ್ಟು ದುಡ್ಡು ಬಿಟ್ಟುಕೊಡುತ್ತದೆ. ಆ ರಿಯಾಯಿತಿ ಸ್ವಂತ ಮನೆ, ಸ್ವಂತ ಗೇಟು ಇರೋರ ಮನೆಗೇ ಜಾಸ್ತಿ ಹೋಗುತ್ತಿದೆ ಅನ್ನೋದು ನನ್ನ ಹೊಟ್ಟೆಯುರಿ. ಬಾಡಿಗೆ ಮನೆಯವರು, ರಸ್ತೆ ಬದಿ ಕಾರು ನಿಲ್ಲಿಸೋರು ಎಲ್ಲಿ ಸಿಕ್ಕಿಸಬೇಕು? ಬಿಎಂಟಿಸಿಯ ಸಾವಿರಕ್ಕೂ ಹೆಚ್ಚು ಎಲೆಕ್ಟ್ರಿಕ್ ಬಸ್ಸುಗಳು ಆರಾಮಾಗಿ ಓಡುತ್ತಿಲ್ವಾ? ಅವುಕ್ಕೆ ರಾತ್ರಿ ಹೋಗೋಕೆ ಡಿಪೋ ಇದೆ, ಡಿಪೋದಲ್ಲಿ ಚಾರ್ಜರ್ ಇದೆ.

ಬರೋ ಭಾನುವಾರ ಮತ್ತೆ ಮೀಟಿಂಗು. ಈ ಸಲ ಪ್ಲಗ್ ಪಾಯಿಂಟ್ ವಿಷಯ ಪಟ್ಟಿಯಲ್ಲಿ ಏಳನೆಯದು. ಆರನೆಯದು ಗಣೇಶನ ಹಬ್ಬದ ಚಂದಾ. ಆ ಚಂದಾ ಚರ್ಚೆಯೇ ರಾತ್ರಿ ಹತ್ತು ಗಂಟೆ ಮಾಡುತ್ತದೆ, ನೋಡ್ತಾ ಇರಿ.