ಅಲರ್ಜಿ ಮಾತ್ರೆ ತರುವುದು ಬರೀ ನಿದ್ದೆಯಲ್ಲ
ಅಲರ್ಜಿ ಮಾತ್ರೆಯಿಂದ ಸ್ವಲ್ಪ ನಿದ್ದೆ ಬರುತ್ತದೆ ಅಷ್ಟೇ ಎಂದು ನಾನು ಓದಿದ ಒಂದು ಲೇಖನ ಮುಗಿಸಿಬಿಟ್ಟಿದೆ. ಅಷ್ಟೇ ಅಲ್ಲ. ಮಿದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುವ ರಾಸಾಯನಿಕಗಳಲ್ಲಿ ಹಿಸ್ಟಮಿನ್ ಕೂಡ ಒಂದು. ಕ್ಲೋರ್‌ಫೆನಿರಮಿನ್‌ನಂಥ ಹಳೇ ಅಲರ್ಜಿ ಔಷಧಿಗಳು ಮಿದುಳಿನೊಳಗೇ ಹೋಗಿ, ಹಿಸ್ಟಮಿನ್ ಬಂದು ಕೂರುವ ಜಾಗಗಳಾದ ಎಚ್1 ಗ್ರಾಹಕಗಳನ್ನು ತಡೆಯುತ್ತವೆ. ಹಳೇ ಮಾತ್ರೆಗಳಲ್ಲಿ ಹಲವು ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕಕ್ಕೂ ಅಡ್ಡ ಬರುತ್ತವೆ. ಇವನ್ನು ನುಂಗಿದ ವಯಸ್ಸಾದವರಿಗೆ ಮರೆವು, ಗೊಂದಲ ಜಾಸ್ತಿ ಆಗುವುದು ಅದಕ್ಕೇ. ರಾತ್ರಿ ನುಂಗಿದರೂ ಬೆಳಿಗ್ಗೆ ಮಂಕು ಉಳಿಯಬಹುದು.

ನಮ್ಮ ಸಿದ್ದಾಪುರದ ಕಡೆ ಮೆಣಸು ಕೊಯ್ಯುವವರು ಸೀನು ಬಂತೆಂದು ಅಂಗಡಿಯಲ್ಲಿ ಸಿಕ್ಕ ಮಾತ್ರೆ ನುಂಗಿ, ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿ ಹತ್ತುತ್ತಾರೆ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಫೆಕ್ಸೋಫೆನಡಿನ್ ಎಂಬ ಹೊಸ ಅಲರ್ಜಿ ಮಾತ್ರೆ ಮಿದುಳಿಗೆ ಹೋಗುವುದು ತೀರಾ ಕಡಿಮೆ. ಅದು ತಮಗೆ ಆಗುತ್ತದಾ ಎಂದು ಡಾಕ್ಟರನ್ನು ಕೇಳಬಹುದಲ್ವಾ? ಸೆಟ್ರಿಜಿನ್ ಮಾತ್ರ ಹೊಸದಾದರೂ ಕೆಲವರಿಗೆ ಮಂಪರು ತರುತ್ತದೆ.