ಹೀಟರ್ ಹಾಕಿ, ಕಿಟಕಿ ಇಳಿಸಿ

"ಭಾವ, ಈ ಗಾಡೀಲಾ?"

ಕೇಳಿದವನು ನನ್ನ ಹೆಂಡತಿಯ ತಮ್ಮ. ಒತ್ತು ಕೊಟ್ಟಿದ್ದು 'ಈ' ಅನ್ನುವ ಒಂದಕ್ಷರದ ಮೇಲೆ. ಒಂದೇ ಅಕ್ಷರದಲ್ಲಿ ಅಷ್ಟು ಅವಮಾನ ತುಂಬುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನಾವು ಹೋಗಬೇಕಿದ್ದದ್ದು 600 ಕಿಲೋಮೀಟರ್. ಗಾಡಿಗೆ 21 ವರ್ಷ. ನಿಜ ಹೇಳಬೇಕೆಂದರೆ ಅವನು ಬಾಯಿ ತೆರೆಯುವ ತನಕ ನನಗೂ ಅದೇ ಅನುಮಾನ ಇತ್ತು. ಹಿಂದಿನ ರಾತ್ರಿ ಗುಟ್ಟಾಗಿ ರೈಲಿನ ಟಿಕೆಟ್ ಕೂಡ ಹುಡುಕಿದ್ದೆ. ಅವನು ಕೇಳಿದ ಮೇಲೆ ಮುಗಿಯಿತು. "ಹೌದಪ್ಪ, ಇದರಲ್ಲೇ" ಅಂದುಬಿಟ್ಟೆ.

ಈ ಪ್ರಯಾಣದಲ್ಲಿ ನನಗೊಂದು ದೊಡ್ಡ ವಿಷಯ ಹೊಳೆಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಹೊಸ ಗಾಡಿಯವರು ರಸ್ತೆ ನೋಡಿಕೊಂಡು ಓಡಿಸುತ್ತಾರೆ. ನಾನು ಕೇಳಿಸಿಕೊಂಡು ಓಡಿಸುತ್ತೇನೆ. ನಮ್ಮ ಗಾಡಿಯಲ್ಲಿ ಹಾಡು ಹಾಕುವ ಹಾಗಿಲ್ಲ, ಜೋರಾಗಿ ಮಾತಾಡುವ ಹಾಗಿಲ್ಲ. ಚಿಪ್ಸ್ ಪೊಟ್ಟಣ ಸದ್ದು ಮಾಡಿದರೂ "ಶ್, ಅದೇನದು?" ಅನ್ನುತ್ತೇನೆ. 60 ದಾಟಿದ ಕೂಡಲೇ ಮುಂದಿನ ಚಕ್ರದ ಹತ್ತಿರ ಒಂದು ಗೊಣಗಾಟ ಶುರುವಾಗುತ್ತದೆ. 70 ದಾಟಿದರೆ ಗೊಣಗಾಟ ನಿಂತು ಸ್ಟೇರಿಂಗ್ ನಡುಗುತ್ತದೆ. ಗೊಣಗೋದೋ ನಡುಗೋದೋ ಎಂದು ನನ್ನನ್ನೇ ಆರಿಸಿಕೊಳ್ಳಲು ಬಿಟ್ಟಿದೆ, ಅಷ್ಟು ಮರ್ಯಾದೆ ಉಂಟು. ಹೊರಡುವ ಮುಂಚೆ ಮೆಕ್ಯಾನಿಕ್ ಹತ್ತಿರ ತೋರಿಸಿದ್ದೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಸುತ್ತು ಹೊಡೆದೆ. ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ಗಾಡಿ ತುಟಿಪಿಟಕ್ ಅನ್ನಲಿಲ್ಲ. "ಎಲ್ಲಿ ಸಾರ್ ಸೌಂಡು?" ಅಂದ. ಅವನು ಇಳಿದು ಬಾಗಿಲು ಹಾಕಿದ ಮರುಗಳಿಗೆಯೇ ಶುರು!

ಇರಲಿ. ಮೊದಲ 200 ಕಿಲೋಮೀಟರ್ ಚೆನ್ನಾಗಿಯೇ ಹೋಯಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಆಮೇಲೆ ಏರು ಸಿಕ್ಕಿತು.

ಟೆಂಪರೇಚರ್ ಮುಳ್ಳನ್ನು ನೀವು ಎಂದಾದರೂ ನೋಡಿದ್ದೀರಾ? ಹೊಸ ಗಾಡಿಯವರಿಗೆ ಅದು ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ಕೆಲವು ಗಾಡಿಗಳಲ್ಲಿ ಅದನ್ನು ತೆಗೆದೇಹಾಕಿ ಒಂದು ದೀಪ ಇಟ್ಟಿದ್ದಾರೆ. ನನ್ನ ಮಟ್ಟಿಗೆ ಇಡೀ ಡ್ಯಾಶ್‌ಬೋರ್ಡಿನಲ್ಲಿ ನೋಡುವಂಥ ವಸ್ತು ಅದೊಂದೇ. ಸಮತಟ್ಟಿನಲ್ಲಿ ಮಧ್ಯದಲ್ಲಿ ನಿಂತಿರುತ್ತದೆ. ಎರಡನೇ ಗೇರಿಗೆ ಇಳಿದು ಲಾರಿಯ ಹಿಂದೆ ತೆವಳಲು ಶುರು ಮಾಡಿದರೆ, ಮುಳ್ಳು ಮೆಲ್ಲಗೆ ಏಳುತ್ತದೆ. ಮಾತಾಡುವವರ ಮಧ್ಯೆ ಎದ್ದು ಹೋಗುವವರು ಏಳುತ್ತಾರಲ್ಲ, ಹಾಗೆ. ಗೊತ್ತಾಗಬಾರದು, ಆದರೆ ಎದ್ದಾಗಿದೆ.

ಮುಳ್ಳು ಎದ್ದಾಗ ಮಾಡಲು ಒಂದು ಉಪಾಯ ಇದೆ. ಹೀಟರ್ ಹಾಕುವುದು. ಹೌದು, ಚಳಿಗಾಲದ ಹೀಟರೇ. ಎಂಜಿನ್ನಿನಿಂದ ಬರುವ ಬಿಸಿನೀರು ಡ್ಯಾಶ್‌ಬೋರ್ಡಿನ ಹಿಂದಿರುವ ಸಣ್ಣ ರೇಡಿಯೇಟರಿನಲ್ಲಿ ಹರಿಯುತ್ತದೆ. ಅದರ ಮೇಲೆ ಗಾಳಿ ಬೀಸಿ ಒಳಗೆ ಬಿಟ್ಟರೆ ಅದೇ ಹೀಟರ್. ಹಾಗಾಗಿ ಎಂಜಿನ್ನಿನ ನೀರನ್ನು ತಣ್ಣಗಿಡುವ ದೊಡ್ಡ ರೇಡಿಯೇಟರ್ ಕೈಬಿಟ್ಟಾಗ ಈ ಚಿಕ್ಕದನ್ನು ಸಹಾಯಕ್ಕೆ ಕರೆಯಬಹುದು. ಎಂಜಿನ್ನಿನ ಬಿಸಿ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಎಲ್ಲಿಗೆ ಹೋಗುತ್ತದೆ ಅಂದರೆ, ನಮ್ಮ ಮೊಣಕಾಲಿಗೆ.

ಅದು ಬೇಸಿಗೆ. ಮಧ್ಯಾಹ್ನ ಎರಡು ಗಂಟೆ. ನಾನು ಏಸಿ ಆರಿಸಿದೆ. ಹೆಂಡತಿ ನನ್ನ ಮುಖ ನೋಡಿದಳು. ನಾಲ್ಕೂ ಕಿಟಕಿ ಇಳಿಸಿದೆ. ಸುಮ್ಮನಿದ್ದಳು. ಆಮೇಲೆ ಗುಂಡಿಯನ್ನು ಕೆಂಪು ಬಣ್ಣದ ಕಡೆಗೆ ಪೂರ್ತಿ ತಿರುಗಿಸಿ ಫ್ಯಾನನ್ನು ನಾಲ್ಕಕ್ಕೆ ಇಟ್ಟೆ. ಮೊದಲು ಹಳೇ ಧೂಳಿನ ವಾಸನೆ ಬಂತು, ಎಷ್ಟೋ ವರ್ಷ ಮುಚ್ಚಿಟ್ಟ ಟ್ರಂಕ್ ತೆರೆದ ಹಾಗೆ. ಜೊತೆಗೆ ಒಂದು ಒಣಗಿದ ಎಲೆ ಹಾರಿಬಂದು ಅವಳ ಮಡಿಲಲ್ಲಿ ಬಿತ್ತು. ಹಿಂದೆಯೇ ಗಾಳಿ ಬಂತು. ಆ ಗಾಳಿಯನ್ನು ಹೇಗೆ ಹೇಳಲಿ? ಇಸ್ತ್ರಿ ಪೆಟ್ಟಿಗೆಯನ್ನು ಯಾರೋ ಕಾಲಿನ ಹತ್ತಿರ ಹಿಡಿದುಕೊಂಡು ಕೂತ ಹಾಗಿತ್ತು.

"ರೀ, ಇದು ಕಾರೋ, ಒಲೆಯೋ?"

ನಾನು ಸಣ್ಣ ರೇಡಿಯೇಟರಿನ ವಿಷಯ ವಿವರಿಸಲು ಹೋದೆ. ವಿವರಣೆ ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಗ ಮೊದಲು ಶೂ ಬಿಚ್ಚಿದ, ಆಮೇಲೆ ಸಾಕ್ಸ್. ಕೊನೆಗೆ ಎರಡೂ ಪಾದಗಳನ್ನು ಕಿಟಕಿಯಿಂದ ಹೊರಗೆ ಹಾಕಿದ. ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ. ಆದರೆ ಮುಳ್ಳು ಒಂದು ಗೆರೆಯಷ್ಟು ಕೆಳಗೆ ಬಂದಿತ್ತು! ನಾನು ಸ್ಟೇರಿಂಗ್ ತಟ್ಟಿ "ಇಳೀತು ಇಳೀತು" ಅಂದೆ. ಒಬ್ಬರೂ ಖುಷಿಪಡಲಿಲ್ಲ. ಪಕ್ಕದಲ್ಲಿ ಒಂದು ಹೊಸ ಗಾಡಿ ಗಾಜು ಏರಿಸಿಕೊಂಡು ತಣ್ಣಗೆ ಹಾದುಹೋಯಿತು. ಒಳಗಿದ್ದ ಮಗುವಿಗೆ ಸ್ವೆಟರ್ ಹಾಕಿದ್ದರು. ನಿಜವಾಗಿ ಸ್ವೆಟರ್. ಅದನ್ನು ನನ್ನ ಹೆಂಡತಿಯೂ ನೋಡಿದಳು ಅನ್ನುವುದೇ ನನ್ನ ದುರದೃಷ್ಟ.

ಹೀಟರಿನ ಗಾಳಿಯಲ್ಲಿ 11 ಕಿಲೋಮೀಟರ್ ಹೋದೆವು. ಕೊನೆಗೆ ಮುಳ್ಳು ಸಣ್ಣ ರೇಡಿಯೇಟರಿಗೂ ಸೊಪ್ಪು ಹಾಕದೆ ಮೇಲೆ ಹೋಯಿತು. ಒಂದು ಮರದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತಿದೆ.

ಈಗ ನನ್ನ ಒಂದು ದೂರು. ಬಾನೆಟ್ ಎತ್ತಿದ ಗಾಡಿಯನ್ನು ಕಂಡರೆ ಕೆಲವರಿಗೆ ಎಲ್ಲಿಲ್ಲದ ಉತ್ಸಾಹ ಬರುತ್ತದೆ. ಸಹಾಯ ಮಾಡಲಿಕ್ಕಲ್ಲ, ಸಲಹೆ ಕೊಡಲಿಕ್ಕೆ. ಬೈಕಿನಲ್ಲಿ ಬಂದವನೊಬ್ಬ ಇಂಡಿಕೇಟರ್ ಕೂಡ ಹಾಕದೆ ನಿಲ್ಲಿಸಿ ಹತ್ತಿರ ಬಂದ. "ಹೀಟಾ?" ಅಂದ. ಹಬೆ ಏಳುತ್ತಿರುವ ರೇಡಿಯೇಟರಿನ ಮುಂದೆ ನಿಂತು ಕೇಳುವ ಪ್ರಶ್ನೆಯೇ ಅದು? "ಕ್ಯಾಪ್ ತೆಗೀರಿ ಸಾರ್. ಬಟ್ಟೆ ಹಿಡ್ಕೊಂಡು ತೆಗೀರಿ, ಏನೂ ಆಗಲ್ಲ."

ಏನೂ ಆಗಲ್ಲ! ನೀರು ಕುದಿಯುವುದು 100 ಡಿಗ್ರಿಯಲ್ಲಿ, ಅದು ಬಯಲಲ್ಲಿ. ರೇಡಿಯೇಟರಿನ ಒಳಗೆ ಕ್ಯಾಪ್ ಒತ್ತಡ ಹಿಡಿದಿಟ್ಟಿರುತ್ತದೆ, ಹಾಗಾಗಿ ಅಲ್ಲಿನ ನೀರು 100 ದಾಟಿದರೂ ಕುದಿಯದೆ ಕೂತಿರುತ್ತದೆ. ಕ್ಯಾಪ್ ತೆಗೆದರೆ ಒತ್ತಡ ಹೋಯಿತು, ನೀರೆಲ್ಲ ಒಟ್ಟಿಗೆ ಕುದ್ದು ಮುಖಕ್ಕೆ ಚಿಮ್ಮುತ್ತದೆ. ತಣ್ಣಗಾಗುವವರೆಗೆ ಕೈಕಟ್ಟಿ ನಿಲ್ಲುವುದೇ ಮಾಡಬೇಕಾದ ಕೆಲಸ. ಇದನ್ನು ಅವನಿಗೆ ಹೇಳಿದೆ. "ನಮ್ಮ ಚಿಕ್ಕಪ್ಪ ಯಾವಾಗಲೂ ತೆಗೀತಾರೆ" ಅಂದ. ಅವರ ಮುಖ ಹೇಗಿದೆ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಈಗ ಅನ್ನಿಸುತ್ತದೆ, ಕೇಳಬೇಕಿತ್ತು. ಜಗತ್ತಿನ ಅರ್ಧ ಸುಟ್ಟಗಾಯಗಳ ಹಿಂದೆ ಒಬ್ಬ 'ಏನೂ ಆಗಲ್ಲ' ಅನ್ನುವವನು ಇರುತ್ತಾನೆ. ಬೇಕಾದರೆ ಜಗಳಕ್ಕೆ ಬನ್ನಿ.

ನನಗೆ ಆ ದೊಡ್ಡ ವಿಷಯ ಹೊಳೆದಿದ್ದು ಅಲ್ಲೇ, ಮರದ ಕೆಳಗೆ, ಇವನು ಬರುವ ಅರ್ಧ ನಿಮಿಷ ಮುಂಚೆ. ಇವನು ಹೋಗುವಷ್ಟರಲ್ಲಿ ಮರೆತುಹೋಗಿತ್ತು. ತಾಳ್ಮೆಯ ಬಗ್ಗೆ ಇತ್ತು ಅಂತ ನೆನಪು.

ಕಾಯುವುದು 50 ನಿಮಿಷ ಆಯಿತು. ಮಗ ಬರಿಗಾಲಲ್ಲಿ ಕಲ್ಲಿನ ಮೇಲೆ ಕೂತು ಫೋನು ನೋಡುತ್ತಿದ್ದವನು "ಅಪ್ಪಾ, ಇಲ್ಲಿ ಕೇಳು" ಎಂದು ಓದತೊಡಗಿದ. ಮೋಟಾರು ಗಾಡಿಯಲ್ಲಿ ಮೊದಲು ದೂರದ ಪ್ರಯಾಣ ಮಾಡಿದ್ದು ಬರ್ತಾ ಬೆಂಝ್ ಅಂತೆ. 1888ರ ಆಗಸ್ಟ್. ಗಂಡ ಕಾರ್ಲ್ ಮಾಡಿದ ಮೂರು ಚಕ್ರದ ಗಾಡಿಯನ್ನು ಅವನಿಗೆ ಹೇಳದೆ ತೆಗೆದುಕೊಂಡು, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಜರ್ಮನಿಯ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ, ತಾಯಿಯ ಮನೆಗೆ, 100 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳಂತೆ. ಇಂಧನವನ್ನು ಔಷಧಿ ಅಂಗಡಿಯಲ್ಲಿ ಕೊಂಡಳಂತೆ. ಬ್ರೇಕ್ ಸವೆದಾಗ ಚಮ್ಮಾರನ ಹತ್ತಿರ ಚರ್ಮ ಹೊಡೆಸಿದಳಂತೆ. ದಾರಿಯುದ್ದಕ್ಕೂ ಮತ್ತೆ ಮತ್ತೆ ನೀರು ತುಂಬಿಸಬೇಕಿತ್ತಂತೆ.

"ನೋಡು, ಅವರಿಗೂ ನೀರಿನದೇ ತಾಪತ್ರಯ" ಅಂದೆ ಹೆಂಡತಿಗೆ.

"ಅವಳು ತವರಿಗೆ ಹೋಗ್ತಿದ್ದಳು. ಅದಕ್ಕೆ ಸಹಿಸಿಕೊಂಡಿದ್ದಾಳೆ" ಅಂದಳು.

"ಆಮೇಲೆ ಏನಾಯ್ತೋ?" ಅಂತ ಮಗನನ್ನು ಕೇಳಿದೆ. ಅವನು ಫೋನಿನ ಮೇಲೆ ಬೆರಳು ಸರಿಸಿ ಒಂದು ಕ್ಷಣ ಸುಮ್ಮನಾದ. "ಆಮೇಲೇನಿಲ್ಲ. ಹೋಗಿ ತಲುಪಿದ್ರು, ಅಷ್ಟೇ" ಎಂದು ಫೋನನ್ನು ಜೇಬಿಗಿಟ್ಟ.

ರೇಡಿಯೇಟರ್ ಮುಟ್ಟುವಷ್ಟು ತಣ್ಣಗಾದ ಮೇಲೆ ಕ್ಯಾಪ್ ತೆಗೆದು, ಕುಡಿಯಲು ತಂದಿದ್ದ ನೀರನ್ನೆಲ್ಲ ಅದಕ್ಕೇ ಕುಡಿಸಿ ಹೊರಟೆವು. ರಾತ್ರಿ ಹತ್ತೂವರೆಗೆ ತಲುಪಿದೆವು. ಭಾವಮೈದುನ ಫೋನ್ ಮಾಡಿದ. "ಏನೂ ತೊಂದರೆ ಆಗಲಿಲ್ವಾ ಭಾವ?" ಅಂದ. "ಬೆಣ್ಣೆ ಥರ ಬಂತು" ಅಂದೆ. ಪಕ್ಕದಲ್ಲಿದ್ದ ಹೆಂಡತಿ ಜೋರಾಗಿ ಕೆಮ್ಮಿದಳು.

ಮನೆಗೆ ಬಂದು ವಾರವಾದ ಮೇಲೆ ಬರ್ತಾ ಬೆಂಝ್ ಕಥೆಯನ್ನು ನಾನೇ ಹುಡುಕಿ ಓದಿದೆ. ಮಗ ನಿಲ್ಲಿಸಿದ ಜಾಗದಿಂದ ಮುಂದಕ್ಕೆ ಇನ್ನೂ ಇತ್ತು. ಏರು ಬಂದಾಗಲೆಲ್ಲ ಎಂಜಿನ್ನಿಗೆ ಕಸುವು ಸಾಲುತ್ತಿರಲಿಲ್ಲವಂತೆ. ಆಗ ಹುಡುಗರು ಕೆಳಗಿಳಿದು ಗಾಡಿ ತಳ್ಳಿದರಂತೆ.