ಶೇ ಸ್ಟೇಡಿಯಂನಲ್ಲಿ ಡ್ರಮ್ ಬಾರಿಸಿದವನ ಪರವಾಗಿ

ಲಂಡನ್ನಿನ ದಿ ಕ್ಲ್ಯಾಷ್ ಬ್ಯಾಂಡಿನ ಲೈವ್ ಆಲ್ಬಮ್ 'ಲೈವ್ ಅಟ್ ಶೇ ಸ್ಟೇಡಿಯಂ' ಅಂದ ಕೂಡಲೇ ಪಂಕ್ (ಸಣ್ಣ ಕ್ಲಬ್ಬುಗಳಲ್ಲಿ ಬೆಳೆದ ಒರಟು, ವೇಗದ ರಾಕ್) ಕೇಳುವ ನನ್ನ ಗೆಳೆಯರು ಮೂಗು ಮುರಿಯುತ್ತಾರೆ. ಅಷ್ಟು ದೊಡ್ಡ ಮೈದಾನದಲ್ಲಿ ಎಂಥ ಪಂಕು, ಸಾಲದ್ದಕ್ಕೆ ಬ್ಯಾಂಡಿನ ಡ್ರಮ್ಮರ್ ಟಾಪರ್ ಹೆಡನ್ ಕೂಡ ಇಲ್ಲ ಅಂತ. ಇದನ್ನು ಕೇಳಿದಾಗೆಲ್ಲ ನನಗೆ ನಿಜಕ್ಕೂ ಬೇಜಾರಾಗುತ್ತೆ. ಹದಿನೈದು ವರ್ಷದಿಂದ ಈ ಆಲ್ಬಮ್ ಕೇಳುತ್ತಾ ಬಂದಿದ್ದೇನೆ. ಅವರು ಕೊರತೆ ಅಂತ ಬೊಟ್ಟು ಮಾಡುವ ಜಾಗದಲ್ಲೇ ಇದರ ಜೀವ ಇದೆ.

ಅದು 1982ರ ಅಕ್ಟೋಬರ್ 13ರ ರಾತ್ರಿ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ಬೇಸ್‌ಬಾಲ್ ಮೈದಾನ, 1965ರಲ್ಲಿ ಬೀಟಲ್ಸ್ ಹಾಡಿದ್ದ ಜಾಗ. ಜನ ಸೇರಿದ್ದು ದಿ ಹೂ ಬ್ಯಾಂಡಿಗಾಗಿ, ಅದರ ವಿದಾಯದ ಪ್ರವಾಸ ಅಂತ. ಕ್ಲ್ಯಾಷ್‌ನವರದ್ದು ಅದಕ್ಕೂ ಮುಂಚಿನ ಸರದಿ. ಇನ್ಯಾರಿಗೋ ಕಾದು ಕೂತವರ ಮುಂದೆ ಸುಮಾರು ಐವತ್ತು ನಿಮಿಷ. ಬ್ಯಾಂಡಿನ ಹಾಡುಗಾರ ಜೋ ಸ್ಟ್ರಮ್ಮರ್ ಅದರಲ್ಲಿ ಒಂದು ನಿಮಿಷವನ್ನೂ ಪೋಲು ಮಾಡುವುದಿಲ್ಲ. ಒಂದು ಹಾಡಿನ ಬಾಲಕ್ಕೆ ಇನ್ನೊಂದು ಹಾಡಿನ ತಲೆ ತಾಗಿಕೊಂಡೇ ಬರುತ್ತೆ.

ಟಾಪರ್ ಇಲ್ಲದ್ದು ನನಗೂ ನೋವೇ. ಹೆರಾಯಿನ್ ಚಟದಿಂದಾಗಿ ಅದೇ ವರ್ಷ ಮೇ ತಿಂಗಳಲ್ಲಿ ಅವನನ್ನು ಕೈಬಿಟ್ಟಿದ್ದರು. 'ರಾಕ್ ದ ಕಸ್ಬಾ'ದ ಸಂಗೀತ ಅವನದೇ. ಸ್ಟುಡಿಯೋದಲ್ಲಿ ಡ್ರಮ್ಸು, ಬೇಸು, ಪಿಯಾನೋ ಮೂರನ್ನೂ ಅವನೊಬ್ಬನೇ ನುಡಿಸಿದ್ದ. ಆ ಹಾಡು ಅಮೆರಿಕದಲ್ಲಿ ಮೇಲೇರುತ್ತಿದ್ದಾಗ ವೇದಿಕೆಯಲ್ಲಿ ಅವನೇ ಇಲ್ಲ. ಈ ರೆಕಾರ್ಡಿಂಗ್‌ನಲ್ಲಿ ಆ ಹಾಡು ಬಂದಾಗೆಲ್ಲ ನನಗೆ ಅವನದೇ ನೆನಪು.

ಆದರೆ ಅವನ ಜಾಗದಲ್ಲಿ ಕೂತವನು ಯಾರೋ ಬಾಡಿಗೆಗೆ ಬಂದವನಲ್ಲ, ಟೆರ್ರಿ ಚೈಮ್ಸ್. 1977ರ ಮೊದಲ ಆಲ್ಬಮ್ಮಿನಲ್ಲಿ ಡ್ರಮ್ ಬಾರಿಸಿದವನು. ಅದರ ಕವರಿನ ಮೇಲೆ ಅವನ ಹೆಸರು 'ಟೋರಿ ಕ್ರೈಮ್ಸ್' ಅಂತಿದ್ದದ್ದರಿಂದ ಎಷ್ಟೋ ಜನರಿಗೆ ಗೊತ್ತೇ ಆಗಲಿಲ್ಲ. ಹಾಗಾಗಿ ಶೇ ಸ್ಟೇಡಿಯಂನಲ್ಲಿ ನಿಂತಿದ್ದು ಸ್ಟ್ರಮ್ಮರ್, ಗಿಟಾರಿನ ಮಿಕ್ ಜೋನ್ಸ್, ಬೇಸಿನ ಪಾಲ್ ಸಿಮೊನನ್, ಚೈಮ್ಸ್. ಮೊದಲ ಆಲ್ಬಮ್ ಮಾಡಿದ ಅದೇ ನಾಲ್ವರು. ಇದನ್ನು ಯಾರೂ ಯಾಕೆ ಹೇಳುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಚೈಮ್ಸ್‌ನ ಬಾರಿಸುವಿಕೆಯಲ್ಲಿ ಟಾಪರ್‌ನ ನಾಜೂಕಿಲ್ಲ, ಒಪ್ಪುತ್ತೇನೆ. ಅವನದ್ದು ನೇರ ಏಟು. ಆದರೆ 'ದ ಮ್ಯಾಗ್ನಿಫಿಸೆಂಟ್ ಸೆವೆನ್' ಇಯರ್‌ಫೋನ್ ಹಾಕಿಕೊಂಡು ಕೇಳಿ. ಬೆಳಿಗ್ಗೆ ಏಳಕ್ಕೆ ಎದ್ದು ಕೆಲಸಕ್ಕೆ ಓಡುವವರ ಹಾಡು ಅದು. ಬೇಸ್ ಗಿಟಾರಿನ ಒಂದೇ ಸಾಲು ಗಿರಕಿ ಹೊಡೆಯುತ್ತಿರುತ್ತೆ. ನಡುವೆ ಸ್ಟ್ರಮ್ಮರ್ ವಿಲ್ಲಿ ವಿಲಿಯಮ್ಸ್‌ನ ರೆಗ್ಗೇ ಹಾಡು 'ಆರ್ಮಗಿಡಿಯನ್ ಟೈಮ್'ಗೆ ಜಾರುತ್ತಾನೆ, ಇವತ್ತು ರಾತ್ರಿ ಎಷ್ಟೋ ಜನರಿಗೆ ಊಟವಿಲ್ಲ ಅನ್ನುವ ಹಾಡಿಗೆ. ಲಯ ಇಳಿಯುತ್ತೆ, ಗಿಟಾರ್ ಅಲ್ಲಲ್ಲಿ ಮಾತ್ರ ಚುಚ್ಚುತ್ತೆ. ಆಮೇಲೆ ಮತ್ತೆ ಅದೇ ಏಳು ಗಂಟೆಯ ಹಾಡಿಗೆ ವಾಪಸ್. ದುಡಿಯುವವನ ಬೆಳಗು, ಹಸಿದವನ ರಾತ್ರಿ, ಮತ್ತೆ ದುಡಿಯುವವನ ಬೆಳಗು. ಪೀಣ್ಯದಲ್ಲಿ ಮೊದಲ ಶಿಫ್ಟಿಗೆ ಹೋಗುತ್ತಿದ್ದ ದಿನಗಳಲ್ಲಿ, ನಸುಕಿನ ಬಸ್ಸಿನ ಕಿಟಕಿಗೆ ತಲೆ ಆನಿಸಿ ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನನ್ನ ಬದುಕು ಗೊತ್ತಿರುವವರು ಹಾಡುತ್ತಿದ್ದಾರೆ ಅನಿಸುತ್ತಿತ್ತು.

'ದ ಗನ್ಸ್ ಆಫ್ ಬ್ರಿಕ್ಸ್ಟನ್' ಬಂದಾಗ ಸಿಮೊನನ್ ಹಾಡುತ್ತಾನೆ, ಅವನ ಬೇಸ್ ಸ್ಟ್ರಮ್ಮರ್ ಕೈಗೆ ಹೋಗುತ್ತೆ. ಲಂಡನ್ನಿನ ಬ್ರಿಕ್ಸ್ಟನ್‌ನಲ್ಲಿ ಬೆಳೆದವನು ತನ್ನ ಕೇರಿಯ ಹಾಡನ್ನು ಕ್ವೀನ್ಸ್‌ನ ಮೈದಾನದಲ್ಲಿ ಹಾಡುವಾಗ ದನಿಯನ್ನು ಒಂಚೂರೂ ಸಿಂಗರಿಸುವುದಿಲ್ಲ. ನನಗದು ಬಹಳ ಇಷ್ಟ.

ಈ ಟೇಪು ಸಿಕ್ಕಿದ್ದು ಸ್ಟ್ರಮ್ಮರ್‌ಗೇ, ಮನೆ ಬದಲಾಯಿಸಲು ಸಾಮಾನು ಕಟ್ಟುವಾಗ. ಆಲ್ಬಮ್ ಹೊರಬಂದದ್ದು 2008ರಲ್ಲಿ. ಅವನು 2002ರ ಡಿಸೆಂಬರ್‌ನಲ್ಲೇ ಹೋಗಿಬಿಟ್ಟಿದ್ದ, ಐವತ್ತೇ ವರ್ಷಕ್ಕೆ. ಆಲ್ಬಮ್ ಬಂದ ವರ್ಷವೇ ಶೇ ಸ್ಟೇಡಿಯಂ ಕೆಡವುವ ಕೆಲಸವೂ ಶುರುವಾಯಿತು. ಆ ನಾಲ್ವರೂ ಬಹಳ ದಿನ ಒಟ್ಟಿಗಿರಲಿಲ್ಲ. ಚೈಮ್ಸ್ ಬಿಟ್ಟುಹೋದ. 1983ರ ಸೆಪ್ಟೆಂಬರ್‌ನಲ್ಲಿ ಮಿಕ್ ಜೋನ್ಸ್‌ನನ್ನೇ ತೆಗೆದುಹಾಕಿದರು. ಅಲ್ಲಿಗೆ ನನ್ನ ಪಾಲಿನ ಕ್ಲ್ಯಾಷ್ ಮುಗಿಯಿತು.

ಮೂಗು ಮುರಿಯುವ ಗೆಳೆಯರಲ್ಲಿ ಒಂದೇ ಕೋರಿಕೆ. 'ಕೆರಿಯರ್ ಆಪರ್ಚುನಿಟೀಸ್' ಕೇಳಿ. ಕೆಲಸವಿಲ್ಲದ ಹುಡುಗರಿಗೆ ಯಾರಿಗೂ ಬೇಡದ ಕೆಲಸ ತೋರಿಸುವವರ ಮೇಲಿನ ಸಿಟ್ಟು ಅದು. ಲೆಟರ್ ಬಾಂಬುಗಳ ಭಯವಿದ್ದ ಕಾಲದಲ್ಲಿ ಮಿಕ್ ಜೋನ್ಸ್ ಸರ್ಕಾರಿ ಕಚೇರಿಯೊಂದರಲ್ಲಿ ಬಂದ ಅಂಚೆ ಒಡೆಯುತ್ತಿದ್ದ. ಹಾಡಿನಲ್ಲಿ ಅದೂ ಇದೆ. ಹೆಚ್ಚುಕಮ್ಮಿ ಎರಡೇ ನಿಮಿಷದ ಹಾಡು. ಮೊದಲು 1977ರದ್ದು ಹಾಕಿ, ಅದು ಮುಗಿದ ಕೂಡಲೇ ಶೇ ಸ್ಟೇಡಿಯಂನದ್ದು. ಗಿಟಾರ್ ಬಿಡಿ, ದನಿಯೂ ಬಿಡಿ, ಸ್ನೇರ್ ಡ್ರಮ್ಮಿನ ಮೇಲೆ ಬೀಳುವ ಏಟಿಗೆ ಮಾತ್ರ ಕಿವಿ ಕೊಡಿ. ಐದು ವರ್ಷ ಕಳೆದಿದೆ, ಅದೇ ಕೈ.